ಊರಿಗೆ ಹೋಗಬೇಕಾದ್ದು ಯಾರು?

"ಅಕ್ಕಾ, ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ. ಮದುವೆಯಾಗಿ ಬಂದಾಗಿನಿಂದ ಇಲ್ಲೇ. ಇವರು ಸಾಫ್ಟ್‌ವೇರಿನಲ್ಲಿದ್ದಾರೆ. ಕೊರೋನಾ ಮುಗಿದ ಮೇಲೂ ಮನೆಯಿಂದಲೇ ಕೆಲಸ, ಆಫೀಸಿಗೆ ಹೋಗುವುದು ಅಪರೂಪ. ನಾನು ದಾದರಿನ ಒಂದು ಸಿಎ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮಗಳು ಸ್ಟೇಟ್ ಬೋರ್ಡು, ಈ ಜೂನಿಗೆ ಹತ್ತನೇ ತರಗತಿ. ಡಾಕ್ಟರ್ ಆಗಬೇಕೆಂದು ಅವಳಿಗೆ ಆಸೆ. ಮಗ ನಾಲ್ಕನೇ ತರಗತಿಗೆ ಹೋಗುತ್ತಾನೆ. ಮಾವ ತೀರಿಕೊಂಡ ಮೇಲೆ ಅತ್ತೆ ಉಡುಪಿ ಹತ್ತಿರದ ಬ್ರಹ್ಮಾವರದ ಮನೆಯಲ್ಲಿ ಒಬ್ಬರೇ ಇದ್ದಾರೆ. ಈ ಜೂನಿಗೇ ಎಲ್ಲರೂ ಊರಿಗೆ ಹೋಗಿಬಿಡೋಣ, ಫ್ಲ್ಯಾಟ್ ಮಾರಿಬಿಡೋಣ ಅಂತ ಇವರು ಹಟ ಹಿಡಿದಿದ್ದಾರೆ. ಗಾಳಿ ಚೆನ್ನಾಗಿದೆ, ನೀರು ಚೆನ್ನಾಗಿದೆ, ಟ್ರೇನಿನ ಕಾಟ ಇಲ್ಲ, ಮಣಿಪಾಲ ಪಕ್ಕದಲ್ಲೇ ಇದೆ, ಮಗಳ ಓದಿಗೂ ಆಯಿತು ಅನ್ನುತ್ತಾರೆ. ಮಕ್ಕಳಿಗೆ ಒಳ್ಳೆಯ ಬದುಕು ಬೇಡವಾ ಅಂತ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನನ್ನ ಕೆಲಸ ಹೋಗುತ್ತದೆ, ಆದರೆ ಅಡ್ಜಸ್ಟ್ ಮಾಡಿಕೊಳ್ಳಬಹುದು. ಬೇಡ ಅಂದರೆ ನಾನು ಸ್ವಾರ್ಥಿ ಆಗುತ್ತೇನಾ?"
ಒಬ್ಬ ಓದುಗಿ, ಡೊಂಬಿವಲಿ (ಮುಂಬಯಿ ಹತ್ತಿರ)

ಸ್ವಾರ್ಥದ ಮಾತು ಮೊದಲು ಮುಗಿಸಿಬಿಡೋಣ. ಖಂಡಿತ ಅಲ್ಲ. ನಿಮ್ಮ ಪತ್ರದಲ್ಲಿ ಮಕ್ಕಳಿಗೆ ಒಳ್ಳೆಯ ಗಾಳಿ ಸಿಗುತ್ತದೆ, ಅತ್ತೆಗೆ ಜೊತೆ ಸಿಗುತ್ತದೆ, ನಿಮ್ಮ ಯಜಮಾನರಿಗೆ ಊರು ಸಿಗುತ್ತದೆ. ನೀವು ಮಾತ್ರ ಕೊನೆಯ ಸಾಲಿನಲ್ಲಿ ಬರುತ್ತೀರಿ, ಅದೂ ಅಡ್ಜಸ್ಟ್ ಮಾಡಿಕೊಳ್ಳುವವರಾಗಿ. ಇನ್ನೊಂದು ತಮಾಷೆ ನೋಡಿ. ಟ್ರೇನಿನ ಕಾಟ ತಪ್ಪುತ್ತದೆ ಅನ್ನುತ್ತಿರುವವರು ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಲು ಓಡುವವರು ನೀವು. ಆ ಕಾಟ ಬಿಡಲು ಕೆಲಸವನ್ನೂ ಬಿಡಲು ತಯಾರಿದ್ದೀರಾ ಅಂತ ನಿಮ್ಮನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಹಾಗಂತ ನಿಮ್ಮವರ ಭಯ ಸುಳ್ಳಲ್ಲ. 2024ರ ಮೇ 23ರಂದು ಡೊಂಬಿವಲಿಯ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಕೆಮಿಕಲ್ ಕಾರ್ಖಾನೆಯಲ್ಲಿ ಸ್ಫೋಟವಾದಾಗ ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಯಾಗಿತ್ತು. 2016ರಲ್ಲೂ ಅಲ್ಲೇ ಅಂಥದ್ದೊಂದು ಆಗಿತ್ತು. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು ಸತ್ತರು. ಅದು ನೀವು ದಿನಾ ಹೋಗಿ ಬರುವ ದಾರಿ. ಹೆಂಡತಿ ಮನೆ ಸೇರುವವರೆಗೆ ಒಬ್ಬ ಗಂಡಸಿಗೆ ಜೀವದಲ್ಲಿ ಜೀವ ಇರುವುದಿಲ್ಲ ಅಂದರೆ ಅದನ್ನು ಹಟ ಅನ್ನಲಾಗುವುದಿಲ್ಲ.

ಆದರೆ ಕೆಮಿಕಲ್ ವಾಸನೆ ತಪ್ಪಿಸಿಕೊಳ್ಳಲು ರಾಜ್ಯ ಬಿಡಬೇಕಾಗಿಲ್ಲ, ಏರಿಯಾ ಬಿಟ್ಟರೆ ಸಾಕು. ಮಗಳ ಹತ್ತನೇ ತರಗತಿ ಮುಗಿದ ಮೇಲೆ ಮುಲುಂಡಿನಲ್ಲೋ ಥಾಣೆಯಲ್ಲೋ ಸಣ್ಣದೊಂದು ಬಾಡಿಗೆ ಮನೆ ನೋಡಬಹುದು. ಥಾಣೆಯಿಂದಲೇ ಹೊರಡುವ ಸ್ಲೋ ಲೋಕಲ್ ಇವೆ, ಕೂತುಕೊಂಡೇ ದಾದರ್ ಸೇರುತ್ತೀರಿ. ಬಾಡಿಗೆ ಜಾಸ್ತಿ, ನಿಮ್ಮ ಫ್ಲ್ಯಾಟಿನಿಂದ ಬರುವ ಬಾಡಿಗೆ ಅದಕ್ಕೆ ಸಾಲುವುದಿಲ್ಲ, ನಿಜ. ಆದರೂ ಒಮ್ಮೆ ಯಜಮಾನರ ಮುಂದೆ ಈ ಉಪಾಯ ಇಟ್ಟು ನೋಡಿ.

ಅವರು ಒಪ್ಪುವುದಿಲ್ಲ ಅಂತ ನನ್ನ ಅಂದಾಜು. ಏಕೆಂದರೆ ಅವರನ್ನು ಎಳೆಯುತ್ತಿರುವುದು ಗಾಳಿಯೂ ಅಲ್ಲ, ನೀರೂ ಅಲ್ಲ. ಅಮ್ಮ. ಅಪ್ಪ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅಮ್ಮ ಒಬ್ಬರೇ ಮಲಗುತ್ತಾರೆ ಅನ್ನುವುದು ಅವರಿಗೆ ರಾತ್ರಿ ನಿದ್ದೆ ಕೊಡುತ್ತಿಲ್ಲ. "ನನಗೆ ಅಮ್ಮನ ಚಿಂತೆ" ಅಂತ ಬಾಯಿಬಿಟ್ಟು ಹೇಳಲು ನಮ್ಮ ಗಂಡಸರಿಗೆ ಅದೇನು ಸಂಕೋಚವೋ. ಹೇಳಿದರೆ ನೀವೆಲ್ಲಿ "ಅಂದರೆ ನಾನು ಬಂದು ನೋಡಿಕೊಳ್ಳಬೇಕಾ" ಅಂತ ಕೇಳಿಬಿಡುತ್ತೀರೋ ಅನ್ನುವ ಹೆದರಿಕೆಯೂ ಇರಬಹುದು. ಅದಕ್ಕೇ ಮಕ್ಕಳ ಹೆಸರು, ಮಣಿಪಾಲದ ಹೆಸರು ಬರುತ್ತಿದೆ.

ಅಮ್ಮನ ಚಿಂತೆಯೇ ಕಾರಣವಾದರೆ ಊರಿಗೆ ಹೋಗಬೇಕಾದ್ದು ನಾಲ್ಕು ಜನ ಅಲ್ಲ. ಒಬ್ಬರು. ಎಲ್ಲಿ ಕೂತರೂ ಕೆಲಸ ಮಾಡಬಲ್ಲವರು ಮನೆಯಲ್ಲಿ ಅವರೊಬ್ಬರೇ. ಅವರು ಹೋಗಲಿ.

ಇದು ಜಗಳದ ಮಾತಲ್ಲ. ಗಂಭೀರವಾಗಿಯೇ ಹೇಳುತ್ತಿದ್ದೇನೆ. ಈ ಜೂನಿನಲ್ಲಿ ಅವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬ್ರಹ್ಮಾವರಕ್ಕೆ ಹೋಗಿ ಮಳೆಗಾಲ ಪೂರ್ತಿ ಅಮ್ಮನ ಜೊತೆ ಇರಲಿ. ಗಣೇಶ ಚೌತಿಗೆ ನೀವೂ ಮಕ್ಕಳೂ ಅಲ್ಲಿಗೆ ಹೋಗಿ. ದಸರಾ ಹೊತ್ತಿಗೆ ಅವರು ವಾಪಸ್ ಬರಲಿ. ಆಮೇಲೆ ಕೂತು ಮಾತಾಡೋಣ. ಹಿಂದೆ ನಮ್ಮ ಕಡೆಯ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಮಾಟುಂಗಾ, ಫೋರ್ಟಿನ ಹೋಟೆಲುಗಳಲ್ಲಿ ದುಡಿದರು, ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿದರು. ವರ್ಷಕ್ಕೊಮ್ಮೆ ಊರು ಕಂಡರೆ ದೊಡ್ಡದು. ಅದನ್ನು ಯಾರೂ ಸಂಸಾರ ಒಡೆಯಿತು ಅನ್ನಲಿಲ್ಲ. ಈಗ ಗಂಡ ಊರಲ್ಲಿ, ಹೆಂಡತಿ ಮುಂಬಯಿಯಲ್ಲಿ ನಾಲ್ಕು ತಿಂಗಳು ಇದ್ದರೆ ಆಕಾಶ ಬೀಳುವುದಿಲ್ಲ. ವಾರಕ್ಕೊಮ್ಮೆ ಬೀಗದ ಕೀ, ಗ್ಯಾಸ್ ಸಿಲಿಂಡರ್ ಅಂತ ನಿಮಗೆ ಓಡಾಟ ಜಾಸ್ತಿಯಾಗುತ್ತದೆ, ಅದಂತೂ ಹೌದು.

ಮಳೆಗಾಲವೇ ಯಾಕೆ ಅಂತೀರಾ? ನಿಮ್ಮವರ ತಲೆಯಲ್ಲಿರುವ ಊರು ಮೇ ತಿಂಗಳ ಊರು. ರಜೆ, ಹಲಸಿನಹಣ್ಣು, ರಾತ್ರಿ ಯಕ್ಷಗಾನದ ಆಟ, ಮನೆ ತುಂಬ ನೆಂಟರು. ಅವರು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಆಟಿ ತಿಂಗಳಲ್ಲಿ ಇದ್ದು ನೋಡಲಿ. ಆಗ ಒಗೆದ ಬಟ್ಟೆ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೆ ಅಂಗಿಗೆಲ್ಲ ಹೊಗೆ ವಾಸನೆ. ಚರ್ಮದ ಬೆಲ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ. ಗಾಳಿಗೆ ತೆಂಗಿನ ಗರಿ ಲೈನಿನ ಮೇಲೆ ಬಿದ್ದರೆ ಕರೆಂಟು ಹೋಯಿತು, ಮೆಸ್ಕಾಂನವರು ಬರುವವರೆಗೆ ಇನ್ವರ್ಟರೇ ಗತಿ. ಕ್ಲೈಂಟಿನ ಕಾಲ್ ನಡುವೆ ಇಂಟರ್ನೆಟ್ಟೂ ಕೈಕೊಟ್ಟರೆ ಏನು ಮಾಡುತ್ತಾರೆ ಅಂತ ಅವರೇ ಕಂಡುಕೊಳ್ಳಲಿ. ಸಂಜೆ ಏಳರ ಮೇಲೆ ಮಾತಾಡಲು ಯಾರಿದ್ದಾರೆ ಅನ್ನುವುದೂ ಗೊತ್ತಾಗಲಿ. ಇಷ್ಟಾದ ಮೇಲೂ "ಇಲ್ಲೇ ಇರೋಣ" ಅಂದರೆ ಅವರ ಮಾತಿಗೆ ತೂಕ ಇದೆ. ನಾಲ್ಕು ತಿಂಗಳು ಇದ್ದು ಆ ಮಳೆಯನ್ನೇ ಪ್ರೀತಿಸುವವರೂ ಇದ್ದಾರೆ, ನಿಮ್ಮವರು ಆ ಪೈಕಿ ಇರಬಹುದು. ಹೊರಡುವ ಮುಂಚೆ ಕಂಪನಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಲಿ. ಬಾಯಿಮಾತಿಗೆ ಬೆಲೆ ಇಲ್ಲ. ಎಷ್ಟೋ ಕಂಪನಿಗಳು ಈಗ ಎಲ್ಲರನ್ನೂ ಆಫೀಸಿಗೆ ವಾಪಸ್ ಕರೆಯುತ್ತಿವೆ.

ಇಷ್ಟೆಲ್ಲ ಮಾತಿನ ನಡುವೆ ಅತ್ತೆಯನ್ನು ಯಾರಾದರೂ ಕೇಳಿದ್ದೀರಾ? ಅವರಿಗೆ ಮಗ ಬೇಕಿರಬಹುದು, ಬೆಳಗ್ಗೆ ಐದಕ್ಕೆ ಬೇರೆಯವರ ಅಡುಗೆಮನೆ ಸದ್ದು ಬೇಡದೆ ಇರಬಹುದು. ರಾತ್ರಿ ಮಲಗಲು ಒಬ್ಬರು ಜೊತೆಗಿದ್ದು, ವಾರಕ್ಕೊಮ್ಮೆ ಮಾತ್ರೆ ಡಬ್ಬಿ ನೋಡುವವರಿದ್ದರೆ ಸಾಕು ಅನ್ನಲೂಬಹುದು. ನೀವೇ ಫೋನ್ ಮಾಡಿ ಕೇಳಿ. ಮಗ ಕೇಳಿದರೆ "ನನಗೇನಾಗಿದೆ, ಚೆನ್ನಾಗಿಯೇ ಇದ್ದೇನೆ" ಅನ್ನುತ್ತಾರೆ. ಸೊಸೆ ಕೇಳಿದರೆ ಮೊಣಕಾಲು ನೋವಿನ ಕತೆ ಹೊರಗೆ ಬರುತ್ತದೆ.

ಈಗ ಮಗಳ ವಿಷಯ. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹತ್ತನೇ ತರಗತಿಗೆ ಬೋರ್ಡು ಬದಲಿಸಬೇಡಿ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ ಕನ್ನಡ ಓದಲು ಬರೆಯಲು ಬರುತ್ತದಾ? ಮುಂಬಯಿಯಲ್ಲಿ ಬೆಳೆದ ನಮ್ಮ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. 2015ರ ಕಾಯ್ದೆ ಬಂದ ಮೇಲೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಡ್ಡಾಯ. ಬೋರ್ಡು ಪರೀಕ್ಷೆಯ ವರ್ಷದಲ್ಲಿ ಅ ಆ ಇ ಈ ಶುರು ಮಾಡಿಸುವುದು ಬೇಡ.

ಮಣಿಪಾಲ ಪಕ್ಕದಲ್ಲಿದೆ ಅನ್ನುವ ಮಾತನ್ನು ದಯವಿಟ್ಟು ಕೈಬಿಡಿ. ಅಲ್ಲಿನ ಮೆಡಿಕಲ್ ಕಾಲೇಜು ಕೆಎಂಸಿಯ ಗೇಟಿನ ಎದುರೇ ಮನೆ ಇದ್ದರೂ ಸೀಟಿಗೆ ಅದು ಲೆಕ್ಕಕ್ಕಿಲ್ಲ. ಅದು ಖಾಸಗಿ ಡೀಮ್ಡ್ ಯೂನಿವರ್ಸಿಟಿ, ಫೀಸು ನಿಮಗೇ ಗೊತ್ತು. ಕಡಿಮೆ ಫೀಸಿನ ಸರ್ಕಾರಿ ಕಾಲೇಜು ಬೇಕಾದರೆ ನೋಡಬೇಕಾದ್ದು ರಾಜ್ಯದ ಕೋಟಾ. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದ ಶೇ. 85 ಆಯಾ ರಾಜ್ಯದ ಮಕ್ಕಳಿಗೆ. ಮಹಾರಾಷ್ಟ್ರದಲ್ಲಿ ಆ ಸೀಟು ಬೇಕಾದರೆ ಡೊಮಿಸೈಲ್ (ರಾಜ್ಯದ ವಾಸಿ ಅನ್ನುವ ಪ್ರಮಾಣಪತ್ರ) ಜೊತೆಗೆ ಹತ್ತು, ಹನ್ನೆರಡು ಎರಡನ್ನೂ ಇಲ್ಲೇ ಪಾಸು ಮಾಡಿರಬೇಕು. ಕರ್ನಾಟಕದಲ್ಲಿ ಸಾಮಾನ್ಯ ನಿಯಮ 7 ವರ್ಷದ್ದು. ಒಂದರಿಂದ ಹನ್ನೆರಡರೊಳಗೆ 7 ವರ್ಷ ಅಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯನ್ನು ಅಲ್ಲೇ ಪಾಸು ಮಾಡಿರಬೇಕು. ಈ ಜೂನಿಗೇ ಹೋದರೂ ಮಗಳಿಗೆ 3 ವರ್ಷವಷ್ಟೇ ಆಗುತ್ತದೆ. ಅಂದರೆ ಅವಸರ ಮಾಡಿದರೆ ಇಲ್ಲಿಯದೂ ಹೋಯಿತು, 7 ವರ್ಷದ ಲೆಕ್ಕದಲ್ಲಿ ಅಲ್ಲಿಯದೂ ಸಿಗಲಿಲ್ಲ.

ಒಂದು ದಾರಿ ಇದೆ. ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯುಸಿಯನ್ನು ಅಲ್ಲೇ ಓದಿ ಪಾಸಾದರೆ ಬೇರೆ ಕಲಮಿನಲ್ಲಿ ಅರ್ಹತೆ ಸಿಗುತ್ತದೆ. ನಿಮ್ಮವರು ಬ್ರಹ್ಮಾವರದಲ್ಲೇ ಓದಿ ಬೆಳೆದವರಾದರೆ ಇದು ನಿಮಗೆ ಅನ್ವಯಿಸುತ್ತದೆ. ಊರಲ್ಲಿರುವ ನಾಲ್ಕು ತಿಂಗಳಲ್ಲಿ ಅವರು ತಮ್ಮ ಹಳೇ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರ ತೆಗೆಸಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಹಿ ಹಾಕಿಸಿಕೊಳ್ಳಲಿ. ಹಳೇ ರಿಜಿಸ್ಟರ್ ಹುಡುಕಿಸಲು ಎಷ್ಟು ಸಲ ಅಲೆಯಬೇಕೋ ದೇವರಿಗೇ ಗೊತ್ತು, ಈಗಲೇ ಶುರು ಮಾಡಿದರೆ ಒಳ್ಳೆಯದು. ಮಗಳು ಸೀಟಿಗೆ ಅರ್ಜಿ ಹಾಕುವ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೈಪಿಡಿಯನ್ನೂ ಒಮ್ಮೆ ನೋಡಿಕೊಳ್ಳಿ. ಹಾಗಾಗಿ ನಿಮ್ಮ ನಿಜವಾದ ಕವಲು ಮುಂದಿನ ವರ್ಷದ ಜೂನ್. ಹತ್ತು ಮುಗಿಸಿದ ಮಗಳು ಹನ್ನೊಂದನ್ನು ಎಲ್ಲಿ ಓದುತ್ತಾಳೆ ಅನ್ನುವುದು. ಅಷ್ಟು ಹೊತ್ತಿಗೆ ಅವಳೂ ಬಾಯಿಬಿಟ್ಟು ಹೇಳುವಷ್ಟು ದೊಡ್ಡವಳಾಗಿರುತ್ತಾಳೆ. ಡೊಂಬಿವಲಿಯಲ್ಲಿ ರಾತ್ರಿ ಒಂಬತ್ತಕ್ಕೆ ಕ್ಲಾಸು ಮುಗಿಸಿ ಒಬ್ಬಳೇ ನಡೆದು ಬರುವ ಹುಡುಗಿಗೆ, ಸಂಜೆ ಕೊನೆಯ ಬಸ್ಸು ತಪ್ಪಿದರೆ ಅಪ್ಪನ ಸ್ಕೂಟರಿಗೆ ಕಾಯಬೇಕಾದ ಊರು ಹೇಗನಿಸುತ್ತದೆ ಅಂತ ಅವಳೇ ಹೇಳಬೇಕು.

ಮಗನದು ಸುಲಭ. ಆರನೇ ತರಗತಿಯಿಂದ ಅಲ್ಲಿ ಓದಿದರೂ ಹನ್ನೆರಡಕ್ಕೆ 7 ವರ್ಷ ತುಂಬುತ್ತದೆ. ಎರಡು ವರ್ಷ ಸಮಯ ಇದೆ. ಕನ್ನಡ ಅಕ್ಷರ ಮಾತ್ರ ಈಗಲೇ ಶುರು ಮಾಡಿಸಿ. ಊರಿಗೆ ಹೋಗದಿದ್ದರೂ ನಷ್ಟವಿಲ್ಲ.

ಇನ್ನು ನಿಮ್ಮ ಕೆಲಸ. ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ. ಜಿಎಸ್‌ಟಿ, ಟ್ಯಾಲಿ, ರಿಟರ್ನು ಎಲ್ಲ ಈಗ ಆನ್‌ಲೈನ್. ಕೆಲವು ಕ್ಲೈಂಟುಗಳ ಕೆಲಸವನ್ನು ಊರಿಂದ ಮಾಡಲು ಬಿಡುತ್ತೀರಾ ಅಂತ ನಿಮ್ಮ ಸಾಹೇಬರನ್ನು ಕೇಳಿ. ಉಡುಪಿಯ ಸಿಎ ಆಫೀಸುಗಳಲ್ಲಿ ಏನು ಸಂಬಳ ಕೊಡುತ್ತಾರೆ ಅಂತಲೂ ವಿಚಾರಿಸಿ. ಚೌತಿಗೆ ಹೋದಾಗ ಒಂದೆರಡು ಕಡೆ ಹೋಗಿ ಮಾತಾಡಿ ಬನ್ನಿ. ಕೈಗೆ ಬರುವ ಮೊತ್ತ ಗೊತ್ತಾದ ಮೇಲೆ ಬಿಡುವುದೋ ಬೇಡವೋ ನಿರ್ಧರಿಸಿ. ಹಣಕ್ಕಿಂತ ಬೇರೆಯದೂ ಇದೆ, ಅದನ್ನು ಪತ್ರದಲ್ಲಿ ಬರೆಯಲು ನೀವು ಹಿಂಜರಿದಿರಬಹುದು. ಲೇಡೀಸ್ ಡಬ್ಬದಲ್ಲಿ ಜಾಗ ಹಿಡಿದಿಡುವ, ವಾಪಸ್ ಬರುವಾಗ ಒಟ್ಟಿಗೆ ಮೆಂತ್ಯಸೊಪ್ಪು ಬಿಡಿಸುವ, ನವರಾತ್ರಿಗೆ ಒಂದೇ ಬಣ್ಣದ ಸೀರೆ ಉಡುವ ಆ ಹೆಂಗಸರು ನಿಮ್ಮವರು. ಬ್ರಹ್ಮಾವರದಲ್ಲಿ ನೀವು ಇಂಥವರ ಮನೆಯ ಸೊಸೆ. ಅದೂ ಒಳ್ಳೆಯ ಜಾಗವೇ. ಆದರೆ ಅದೊಂದೇ ಆಗಿಬಿಟ್ಟರೆ ಎರಡನೇ ಮಳೆಗಾಲಕ್ಕೆ ನೀವು ಸೊರಗಿಹೋಗುತ್ತೀರಿ.

ಫ್ಲ್ಯಾಟ್ ಮಾರುವ ಮಾತು ಸದ್ಯ ಎತ್ತಲೇಬೇಡಿ. ಟ್ಯಾಕ್ಸಿನ ಲೆಕ್ಕ ನಿಮಗೆ ನಾನು ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ಒಮ್ಮೆ ಮನೆ ಬಿಟ್ಟವರಿಗೆ ಅದೇ ದುಡ್ಡಿಗೆ ಮತ್ತೆ ಮನೆ ಸಿಗುವುದು ಕಷ್ಟ ಅನ್ನುವುದೂ ನಿಮಗೆ ಗೊತ್ತು. ಮುಂದೆ ಎಂದಾದರೂ ಹೋಗುವುದಾದರೆ ಬಾಡಿಗೆಗೆ ಕೊಡಿ. ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ರಿಜಿಸ್ಟರ್ ಮಾಡಿಸಿ. ಇಲ್ಲಿ ಅದು ಕಡ್ಡಾಯ.

ಮನೆಯಲ್ಲಿ ಇದನ್ನು ಹೇಗೆ ಎತ್ತುವುದು ಅನ್ನುವ ಚಿಂತೆ ನಿಮಗಿರಬಹುದು. ಮಕ್ಕಳು ಮಲಗಿದ ಮೇಲೆ, ಟಿವಿ ಆರಿಸಿ, ಹೀಗೆ ಶುರು ಮಾಡಿ: "ನಿಮಗೆ ಅತ್ತೆಯ ಚಿಂತೆ ಅಂತ ನನಗೆ ಗೊತ್ತು. ನೀವು ಹೋಗಿ ಇದ್ದು ಬನ್ನಿ, ಇಲ್ಲಿ ನಾನು ನೋಡಿಕೊಳ್ಳುತ್ತೇನೆ." ಮೊದಲು ಸಿಟ್ಟು ಬರಬಹುದು, ಮನೆಯಿಂದ ಓಡಿಸುತ್ತಿದ್ದೀಯಾ ಅಂತಲೂ ಅನ್ನಬಹುದು. ವಾದ ಮಾಡಬೇಡಿ. ಎರಡು ದಿನ ಸುಮ್ನಿದ್ದು ಮತ್ತೆ ಕೇಳಿ. ರೈಲ್ವೆ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ಊರಿಗೆ ಹೋಗುವ ಮತ್ಸ್ಯಗಂಧ ರೈಲು ಥಾಣೆಯಲ್ಲಿ ನಿಲ್ಲುತ್ತದೆ. ಚೌತಿಯ ನಿಮ್ಮ ಮೂರು ಟಿಕೆಟುಗಳನ್ನು ಬುಕಿಂಗ್ ತೆರೆದ ದಿನ ಬೆಳಗ್ಗೆಯೇ ಮಾಡಿಬಿಡಿ, ತಡವಾದರೆ ವೇಟಿಂಗ್ ಲಿಸ್ಟೇ ಗತಿ.