ಮಗನ ಹುಳುಕು ಹಾಲುಹಲ್ಲಿನ ನೋವು ತಾನಾಗೇ ನಿಂತಿದೆ. ನರಕ್ಕೆ ತಗುಲಿದೆಯಾ ಅಂತ ನೋಡೋಕೆ ಎಕ್ಸ್‌ರೇ ಒಂದೇ ಸಾಕಾ?

ನೋವು ನಿಂತಿದೆ ಅಂದ್ರಲ್ಲ, ನನಗೆ ಭಯ ಆಗಿದ್ದೇ ಅಲ್ಲಿ.

ನನ್ನ ಮಗಳಿಗೆ ಆಗ ಐದು ವರ್ಷ. ಕೆಳಗಿನ ದವಡೆಯ ಎರಡು ಹಾಲುಹಲ್ಲುಗಳ ಸಂದಿಯಲ್ಲಿ ಹುಳುಕು. ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಚೆನ್ನಾಗಿದೆ. ರಾತ್ರಿ ನೋವಿಂದ ಏಳ್ತಾಳಾ?" ಅಂದ್ರು. "ಇಲ್ಲ" ಅಂದೆ.

ಅವಳು ಮಲಗ್ತಿದ್ದದ್ದು ಅಜ್ಜಿ ಪಕ್ಕ! ರಾತ್ರಿ ಅಳ್ತಾ ಎದ್ದರೆ ನಮ್ಮತ್ತೆ ಹತ್ತಿಯಲ್ಲಿ ಲವಂಗದೆಣ್ಣೆ ಅದ್ದಿ ಹಲ್ಲಿಗಿಟ್ಟು ತಟ್ಟಿ ಮಲಗಿಸ್ತಿದ್ರು. ಬೆಳಿಗ್ಗೆ ಆಫೀಸಿಗೆ ಓಡುವವಳಿಗೆ ಯಾಕೆ ಹೇಳೋದು ಅಂತ ಸುಮ್ಮನಿದ್ರು. ಅವರನ್ನು ದೂರಲ್ಲ. "ಗೊತ್ತಿಲ್ಲ, ಮನೆಗೆ ಫೋನ್ ಮಾಡಿ ಕೇಳ್ತೀನಿ" ಅನ್ನಬೇಕಿದ್ದವಳು ನಾನು. ಸಿಹಿ, ತಣ್ಣನೆಯದು ತಾಗಿದಾಗ ಜುಮ್ಮೆಂದು ತಕ್ಷಣ ನಿಲ್ಲುವ ನೋವಾದರೆ ನರ ಚೇತರಿಸಿಕೊಳ್ಳಬಹುದು. ಸುಮ್ಮನಿದ್ದಾಗಲೂ ಬಂದು ನಿದ್ದೆ ಕೆಡಿಸುವ ನೋವಾದರೆ ಉರಿಯೂತ ಸಾಮಾನ್ಯವಾಗಿ ಆ ಹಂತ ದಾಟಿರುತ್ತೆ. ಮಗಳಿಗಿದ್ದದ್ದು ಎರಡನೆಯದು, ನನ್ನ ಉತ್ತರ ಕೇಳಿ ಡಾಕ್ಟರು ಮಾಡಿದ್ದು ಮೊದಲನೆಯದಕ್ಕೆ: ಬರೀ ಸಿಮೆಂಟ್ ತುಂಬಿದರು.

ನೋವು ಹೋಯ್ತು. ಒಳಗೆ ನರ ಸತ್ತಿತ್ತು, ಅದಕ್ಕೆ. ಆಮೇಲೆ ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿತು. ಈ ಸಲದ ಎಕ್ಸ್‌ರೇಯಲ್ಲಿ ಬೇರು ಕವಲೊಡೆಯುವ ಕಡೆ ಮೂಳೆ ಕರಗಿತ್ತು. ಹಲ್ಲು ಕೀಳಿಸಿ, ಪಕ್ಕದ ಹಲ್ಲು ವಾಲದ ಹಾಗೆ ಸ್ಪೇಸ್ ಮೇಂಟೇನರ್ ಹಾಕಿಸಬೇಕಾಯ್ತು. "ಹೇಗೂ ಬೀಳೋ ಹಲ್ಲು" ಅಂತಾರೆ ಜನ. ಆ ದವಡೆ ಹಲ್ಲು ಬೀಳೋದು ಸುಮಾರು 10-12 ವರ್ಷಕ್ಕೆ ಕಣ್ರೀ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎಕ್ಸ್‌ರೇ ನರದ ಉರಿಯೂತವನ್ನು ತೋರಿಸಲ್ಲ, ಹುಳುಕು ಎಷ್ಟು ಆಳ, ಮೂಳೆಗೆ ಇಳಿದಿದೆಯಾ ಅನ್ನೋದನ್ನು ತೋರಿಸುತ್ತೆ, ಅಷ್ಟೆ. ತಣ್ಣನೆಯದು ಮುಟ್ಟಿಸಿ ನೋಡೋ ಪರೀಕ್ಷೆಯನ್ನೂ ಚಿಕ್ಕ ಮಕ್ಕಳಲ್ಲಿ ನಂಬೋ ಹಾಗಿಲ್ಲ, ಕುರ್ಚಿಯಿಂದ ಇಳಿಯೋಕೆ ಯಾವ ಉತ್ತರ ಬೇಕೋ ಅದನ್ನೇ ಹೇಳ್ತಾವೆ. ಮಗುವಿನ ಪಕ್ಕ ಮಲಗೋರನ್ನೇ ಕರ್ಕೊಂಡು ಹೋಗಿ. ನೋವಿನ ಸಿರಪ್ ಕೊಟ್ಟಿದ್ದರೆ ಅದನ್ನೂ ಹೇಳಿ. ಅಗಿಯುವಾಗ ಮಾತ್ರ ನೋವಿದ್ದರೆ ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತಾ ನೋಡಿ, ಅದೂ ನರದ ನೋವಿನ ಹಾಗೇ ಕಾಣುತ್ತೆ.

ಇನ್ನೊಂದು. ಪಲ್ಪಾಟಮಿ (ಬೇರಿನ ನರ ಬಿಟ್ಟು ಹಲ್ಲಿನ ಮೇಲ್ಭಾಗದ ನರ ಮಾತ್ರ ತೆಗೆಯೋದು) ಅಂತ ಶುರು ಮಾಡಿ ಮಧ್ಯದಲ್ಲಿ ಡಾಕ್ಟರು ಯೋಜನೆ ಬದಲಿಸಿದರೆ ದುಡ್ಡಿಗೆ ಮಾಡ್ತಿದಾರೆ ಅಂತ ಜಗಳಕ್ಕೆ ನಿಲ್ಲಬೇಡಿ. ಮೇಲಿನ ನರ ತೆಗೆದು ಹತ್ತಿ ಒತ್ತಿದಾಗ ಕೆಲವು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ಉರಿಯೂತ ಬೇರಿಗೂ ಇಳಿದಿದೆ ಅಂತ ಲೆಕ್ಕ. ಅದು ಹಲ್ಲು ತೆರೆದ ಮೇಲೇ ಗೊತ್ತಾಗೋದು.