ನಾಟಿ ಕೋಳಿಗೆ ದುಪ್ಪಟ್ಟು ಬೆಲೆ ಕೊಡಬೇಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಹಿಂದೆ ಭಾನುವಾರಕ್ಕಷ್ಟೇ ಇದ್ದ ಬಾಡೂಟ ಈಗ ವಾರಕ್ಕೆ ನಾಲ್ಕು ದಿನವಾಗಿದೆ. ಪೂರ್ತಿ ಬಿಡುವ ಮನಸ್ಸಿಲ್ಲ. ಕಡಿಮೆ ಮಾಡಬೇಕು, ತರುವುದನ್ನಾದರೂ ನೋಡಿ ತರಬೇಕು ಎಂದುಕೊಂಡಿದ್ದೇವೆ. ಫಾರಂ ಕೋಳಿ ಬೇಡವೆಂದು ದುಪ್ಪಟ್ಟು ಬೆಲೆಗೆ ನಾಟಿ ಕೋಳಿ ತರುತ್ತಿದ್ದೇವೆ. ಇದು ಸರಿಯೇ? ಮಾಂಸ ಕಡಿಮೆಯಾದರೆ ಮಕ್ಕಳಿಗೆ ಶಕ್ತಿ ಸಾಲದು ಎಂಬುದು ನಮ್ಮ ಅತ್ತೆಯವರ ಆತಂಕ.
— ಗೃಹಿಣಿ, ಮಂಡ್ಯ

ಉತ್ತರ: ನೀವು ತರುತ್ತಿರುವುದು ನಾಟಿ ಕೋಳಿಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪಟ್ಟಣದ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ತಳಿಗಳೂ, ಮೊಟ್ಟೆ ಇಡುವುದು ಕಡಿಮೆಯಾದ ಫಾರಂ ಕೋಳಿಗಳೂ ಮಾರಾಟವಾಗುವುದುಂಟು. ಗಿರಿರಾಜ ಕೆಟ್ಟದ್ದೇನಲ್ಲ, ಹಿತ್ತಲಲ್ಲಿ ಸಾಕಲೆಂದೇ ರೂಪಿಸಿದ ತಳಿ ಅದು. ಆದರೆ ಯಾವುದಕ್ಕೆ ಬೆಲೆ ಕೊಡುತ್ತಿದ್ದೇವೆಂಬುದು ಕೊಳ್ಳುವವರಿಗೆ ತಿಳಿದಿರಬೇಕು. ಬ್ರಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲಿ ಎರಡು ಕೆ.ಜಿ. ದಾಟಿದರೆ, ಮೇಯ್ದು ಬೆಳೆಯುವ ನಾಟಿ ಕೋಳಿ ಅಡುಗೆಗೆ ಬರಲು ನಾಲ್ಕೈದು ತಿಂಗಳಾದರೂ ಬೇಕು. ಆದ್ದರಿಂದ ವರ್ಷವಿಡೀ ಕೇಳಿದಷ್ಟು, ಒಂದೇ ಗಾತ್ರದಲ್ಲಿ ಸಿಗುವ ‘ನಾಟಿ’ಯನ್ನು ತುಸು ಅನುಮಾನದಿಂದಲೇ ನೋಡಬೇಕಾಗುತ್ತದೆ. ಸಾಧ್ಯವಿದ್ದರೆ ಸಾಕಿದವರಿಂದಲೇ, ಸಂತೆಯಲ್ಲಿಯೋ ಪರಿಚಯದ ಹಳ್ಳಿಯಲ್ಲಿಯೋ ಕೊಳ್ಳಿ.

ಫಾರಂ ಕೋಳಿಯ ವಿಷಯದಲ್ಲಿ ಜನರು ಹಾರ್ಮೋನ್ ಚುಚ್ಚುಮದ್ದಿಗೆ ಹೆದರುತ್ತಾರೆ. ಆದರೆ ಅದು ಬೇಗ ಬೆಳೆಯುವುದು ತಳಿಯ ಆಯ್ಕೆಯಿಂದ ಮತ್ತು ಆಹಾರದಿಂದ. ನಿಜವಾಗಿ ಯೋಚಿಸಬೇಕಾದದ್ದು ಆಂಟಿಬಯೋಟಿಕ್‌ಗಳ ಬಗ್ಗೆ. ರೋಗವಿಲ್ಲದಿದ್ದರೂ ಆಹಾರದಲ್ಲಿ ಔಷಧ ಬೆರೆಸುತ್ತ ಹೋದರೆ ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಬೇರೆ ಔಷಧಗಳು ಫಲಿಸದಾಗ ಮನುಷ್ಯರಿಗೆ ಕೊಡುವ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಕೋಳಿ ಯಾವ ಫಾರಂನಿಂದ ಬರುತ್ತದೆ, ಔಷಧ ಕೊಟ್ಟ ಮೇಲೆ ಎಷ್ಟು ದಿನ ಬಿಟ್ಟು ಮಾರುತ್ತಾರೆ ಎಂದು ಅಂಗಡಿಯವರನ್ನು ಕೇಳಿ. ಮೊದಲ ಸಲ ಉತ್ತರ ಸಿಗದಿರಬಹುದು, ಆದರೆ ಕಾಯಂ ಗಿರಾಕಿ ಮತ್ತೆ ಮತ್ತೆ ಕೇಳಿದ್ದನ್ನು ಯಾವ ವ್ಯಾಪಾರಿಯೂ ಕಡೆಗಣಿಸುವುದಿಲ್ಲ.

ಹಾಗಾದರೆ ಮಟನ್ ಮೇಲೇ ಎಂದು ನೀವು ಕೇಳಬಹುದು. ಕುರಿಗಾಹಿಗಳ ಮಂದೆ ಬಯಲಲ್ಲಿ ಮೇಯುತ್ತದೆ, ರಾತ್ರಿ ಹೊಲದಲ್ಲಿ ತಂಗಿ ಗೊಬ್ಬರವನ್ನೂ ಕೊಡುತ್ತದೆ. ಆದರೆ ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಕೆ.ಜಿ. ಮಾಂಸಕ್ಕೆ ಕೋಳಿಗಿಂತ ಹೆಚ್ಚು ಹಸಿರುಮನೆ ಅನಿಲ ಹೊರಬೀಳುತ್ತದೆ. ಎಲ್ಲ ದೃಷ್ಟಿಯಿಂದಲೂ ನಿರ್ದೋಷಿಯಾದ ಮಾಂಸವಿಲ್ಲ. ಹೀಗಾಗಿ ಯಾವುದು ಎಂಬುದಕ್ಕಿಂತ ಎಷ್ಟು ಎಂಬ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕಡಿಮೆ ಮಾಡುವ ಉಪಾಯ ನಿಮ್ಮ ಸೀಮೆಯ ಅಡುಗೆಯಲ್ಲಿಯೇ ಇದೆ. ಅವರೆಕಾಳು ಹಾಕಿದ ಮಟನ್ ಸಾರಿಗೆ ಒಂದು ಕೆ.ಜಿ.ಯ ಬದಲು ಅರ್ಧ ಕೆ.ಜಿ. ಸಾಕು, ಮುದ್ದೆಯ ಜೊತೆ ಕೊರತೆಯೂ ಕಾಣುವುದಿಲ್ಲ. ಕಾಲು, ತಲೆಮಾಂಸ, ಬೋಟಿಯನ್ನು ಬಿಡದೆ ಬಳಸಿದರೆ ಅದೇ ಪ್ರಾಣಿ ಹೆಚ್ಚು ಜನರ ಊಟಕ್ಕೆ ಒದಗುತ್ತದೆ.

ಅತ್ತೆಯವರಿಗೆ ಲೆಕ್ಕ ಹೇಳಿ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ 60 ಕೆ.ಜಿ. ತೂಕದವರಿಗೆ ಸುಮಾರು 50 ಗ್ರಾಂ ಬೇಕು. ಬೆಳೆಯುವ ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ತುಸು ಹೆಚ್ಚು ಬೇಕೆಂಬುದು ನಿಜ, ಆದರೆ 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಹಾಲು, ಮೊಸರು, ಬೇಳೆ ಬೇರೆ. ನಾಲ್ಕು ದಿನಗಳಲ್ಲಿ ಎರಡನ್ನು ಮೊಟ್ಟೆಗೂ ಕಾಳಿಗೂ ಬಿಟ್ಟುಕೊಟ್ಟರೆ ಮಕ್ಕಳು ಸೊರಗುವುದಿಲ್ಲ. ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸ ಮನೆಗೆ ಬರುತ್ತಿದ್ದರೆ ಮೊದಲು ನಿಲ್ಲಿಸಬೇಕಾದದ್ದು ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.