ಹಳೇ ಔಟ್‌ಬೋರ್ಡ್ ಇಂಜಿನ್ನಿನ ಆಯಿಲ್ ಬೆಳ್ಳಗಾಗಿದೆ, ಬದಲಿಸಿದರೆ ಸಾಕಾ?

ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಕಾಂಡ್ಲಾ ಗಿಡಗಳ ನಡುವೆ ನಿಧಾನಕ್ಕೆ ಸುತ್ತಿಸುವ ದೋಣಿ. ಅದರ ಹಿಂಬದಿಗೆ ಹೊರಗಡೆ ಕಟ್ಟುವ (ಔಟ್‌ಬೋರ್ಡ್ ಅಂದರೆ ಅದೇ) ಹಳೇ 9.9 ಎಚ್‌ಪಿ ಫೋರ್ ಸ್ಟ್ರೋಕ್ ಇಂಜಿನ್. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣ. ಮೆಕ್ಯಾನಿಕ್ "ಇಂಜಿನ್ನೇ ಬದಲಿಸಿ" ಅಂದಿದ್ದಾರೆ, ಆಯಿಲ್ ಬದಲಿಸಿ ನೋಡಬಹುದಾ ಅಂತ ನೀವು ಕೇಳಿದ್ದೀರಿ. ನಾನು ಗಂಗೊಳ್ಳಿ ಕಡೆ ಇಂಥ ಇಂಜಿನ್ನುಗಳನ್ನೇ ರಿಪೇರಿ ಮಾಡುವವನು. ಬದಲಿಸಿ ನೋಡಿ, ಆದರೆ ಅದು ರಿಪೇರಿ ಅಂದುಕೊಳ್ಳಬೇಡಿ. ಆಯಿಲನ್ನು ಬೆಳ್ಳಗೆ ಮಾಡುವ ನೀರು ಎಲ್ಲಿಂದ ಬರ್ತಿದೆ ಅಂತ ಪತ್ತೆ ಹಚ್ಚುವ ದಾರಿ ಅದು.

ಮೊದಲು ಇವತ್ತೇ ಆ ಆಯಿಲ್ ಇಳಿಸಿ. ಉಪ್ಪುನೀರು ಒಳಗೆ ನಿಂತಷ್ಟೂ ಬೇರಿಂಗ್ ತುಕ್ಕು ಹಿಡಿಯುತ್ತದೆ. ರಾತ್ರಿಯಿಡೀ ಇಂಜಿನ್ ನೆಟ್ಟಗೆ ನಿಂತಿದ್ದರೆ ಡ್ರೈನ್ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿ. ನೀರು ಆಯಿಲಿಗಿಂತ ಭಾರ. ಜಾಸ್ತಿ ಇದ್ದರೆ ಮೊದಲು ನೀರೇ ಬರುತ್ತದೆ. ಬರೀ ಬಣ್ಣ ನೋಡಿ ಅನುಮಾನ ಇದ್ದರೆ ಬಿಸಿ ಕಾವಲಿ ಮೇಲೆ ಒಂದು ಹನಿ ಹಾಕಿ. ಚಟಪಟ ಸಿಡಿದರೆ ನೀರಿದೆ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬರ್ತಿದ್ದರೆ ಅದು ಬೇರೆಯೇ ಕಾಯಿಲೆ, ಫ್ಯೂಯೆಲ್ ಪಂಪಿನ ಡಯಾಫ್ರಾಮ್ ನೋಡಿಸಿ.

ಆಮೇಲೆ ಫಿಲ್ಟರ್ ಇದ್ದರೆ ಬದಲಿಸಿ. ಅದೇ ಗ್ರೇಡಿನ ಕಡಿಮೆ ಬೆಲೆಯ ಆಯಿಲ್ ಹಾಕಿ, ಸಿಹಿನೀರಿನ ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಇಳಿಸಿ. ಬಿಳುಪು ಹೋಗುವವರೆಗೆ ಹೀಗೆ ಮಾಡಿ. ಕೆಲವರು ಡೀಸೆಲ್ ಹಾಕಿ ತೊಳೆಯುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಮೂಲೆಯಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳು ಮಾಡುತ್ತದೆ. ಕೊನೆಗೆ ಎಫ್‌ಸಿ-ಡಬ್ಲ್ಯು ಗುರುತಿನ, ಅಂದರೆ ದೋಣಿಯ ಫೋರ್ ಸ್ಟ್ರೋಕ್ ಇಂಜಿನ್ನಿಗೆಂದೇ ಇರುವ, ಮರೀನ್ ಆಯಿಲ್ ಹಾಕಿ. 10ಡಬ್ಲ್ಯು-30ಯಾ, 10ಡಬ್ಲ್ಯು-40ಯಾ ಅಂತ ನಿಮ್ಮ ಮ್ಯಾನ್ಯುಯಲ್ ಹೇಳುತ್ತದೆ.

ಈಗ ನಿಜವಾದ ಪರೀಕ್ಷೆ. ಪ್ರವಾಸಿಗರಿಲ್ಲದೆ ದೋಣಿ ತೆಗೆದು, ಮುಕ್ಕಾಲು ಥ್ರಾಟಲ್‌ನಲ್ಲಿ ಒಂದು ಗಂಟೆ ಓಡಿಸಿ, ಡಿಪ್‌ಸ್ಟಿಕ್ ನೋಡಿ. ಆಯಿಲ್ ಸ್ವಚ್ಛವಾಗಿದ್ದು, ಮುಂದೆ ಮತ್ತೆ ನಿಧಾನ ಓಡಾಟ ಶುರುವಾದ ಮೇಲಷ್ಟೇ ಬಿಳುಪು ಕಾಣಿಸಿಕೊಂಡರೆ ನೀವು ಬಹುಶಃ ಬಚಾವ್. ಔಟ್‌ಬೋರ್ಡ್ ಹೊರಗಿನ ನೀರಿನಲ್ಲೇ ತಣ್ಣಗಾಗುವ ಇಂಜಿನ್, ಕಾರಿನಷ್ಟು ಬಿಸಿ ಆಗುವುದೇ ಇಲ್ಲ. ನಿಮ್ಮದಂತೂ ದಿನವಿಡೀ ನಿಧಾನದಲ್ಲಿ ಓಡುವುದು. ಒಳಗಿನ ತೇವ ಆವಿಯಾಗಿ ಹೋಗದೆ ಆಯಿಲಿಗೇ ಸೇರುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಇಂಜಿನ್ ಬಿಸಿಯಾಗುವವರೆಗೆ ತಣ್ಣೀರನ್ನು ತಡೆಯುವ ಕವಾಟ, ಥರ್ಮೋಸ್ಟಾಟ್, ಅದನ್ನು ಬಿಚ್ಚಿ ನೋಡಿ. ಉಪ್ಪು ಕಟ್ಟಿ ತೆರೆದೇ ಉಳಿದಿರಬಹುದು. "ಇಂಜಿನ್ ತಂಪಾಗಿರಲಿ" ಅಂತ ಹಿಂದಿನ ಮೆಕ್ಯಾನಿಕ್ ಅದನ್ನು ಕಿತ್ತೇ ಬಿಟ್ಟಿರುವುದೂ ಉಂಟು! ಪಾತ್ರೆಯ ನೀರಲ್ಲಿ ಬಿಸಿ ಮಾಡಿದರೆ ಅದು ತೆರೆಯುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಆಮೇಲೆ ದಿನಕ್ಕೊಮ್ಮೆ ಇಂಜಿನ್ನನ್ನು ಚೆನ್ನಾಗಿ ಓಡಿಸಿ, ಬಿಸಿಯಾಗಲಿ.

ಒಂದು ಗಂಟೆಯೊಳಗೇ ಪೂರ್ತಿ ಬೆಳ್ಳಗಾದರೆ ಎಲ್ಲೋ ಸೋರಿಕೆ ಇದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದು ಮಾಮೂಲಿ ಕಂದು ಬಣ್ಣ, ಇನ್ನೊಂದು ತೊಳೆದಿಟ್ಟಷ್ಟು ಸ್ವಚ್ಛ ಇದ್ದರೆ ಆ ಸಿಲಿಂಡರಿಗೆ ನೀರು ಹೋಗ್ತಿದೆ, ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ಪದರ) ಮೇಲೆ ಅನುಮಾನ. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡದ, ಅಳತೆಯೂ ಅದನ್ನೇ ಹೇಳಬೇಕು. ಎರಡೂ ಸರಿ ಇದ್ದರೆ ಇಂಜಿನ್ನಿನ ಬುಡದ ಗ್ಯಾಸ್ಕೆಟ್ ನೋಡಬೇಕು. ಉಪ್ಪುನೀರಿನ ಹಳೇ ಇಂಜಿನ್ನುಗಳಲ್ಲಿ ಅದೂ ಕೊರೆದುಹೋಗುತ್ತದೆ. ಇಂಜಿನ್ನನ್ನು ದೋಣಿಯಿಂದ ಬಿಚ್ಚಿ ಅಡ್ಡ ಮಲಗಿಸಿ ಇಡುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ. ಮ್ಯಾನ್ಯುಯಲ್ ಹೇಳದ ಮಗ್ಗುಲಿಗೆ ಮಲಗಿಸಿದರೆ ಎಕ್ಸಾಸ್ಟಿನಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯಬಹುದು.

ಟೂ ಸ್ಟ್ರೋಕ್‌ನವರು ಇದನ್ನು ಓದಿ ಗಾಬರಿ ಆಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವಾಗ 10 ಎಚ್‌ಪಿವರೆಗಿನ ನಾಡದೋಣಿಗಳು ಕಡಲಿಗೆ ಇಳಿಯುತ್ತವಲ್ಲ, ಅವುಗಳಲ್ಲಿ ಇರುವ ಟೂ ಸ್ಟ್ರೋಕ್ ಇಂಜಿನ್ನುಗಳಿಗೆ ಈ ಆಯಿಲ್ ತೊಟ್ಟಿಯೇ ಇಲ್ಲ. ಅಲ್ಲಿ ಬೆಳ್ಳಗಾಗುವುದು ಕೆಳಗಿನ ಗೇರ್ ಆಯಿಲ್. ಪ್ರೊಪೆಲ್ಲರ್ ಬಿಚ್ಚಿದರೆ ಹಿಂದೆ ಬಲೆಯ ನೈಲಾನ್ ದಾರ ಸುತ್ತಿಕೊಂಡು, ನೀರು ಒಳಬರದಂತೆ ತಡೆಯುವ ಸೀಲ್ ಕೊಯ್ದಿರುವುದೇ ಹೆಚ್ಚು. ಮೊದಲು ಗೇರ್ ಆಯಿಲಿನ ಮೇಲಿನ, ಕೆಳಗಿನ ಎರಡೂ ಬೋಲ್ಟುಗಳ ವಾಷರ್ ಬದಲಿಸಿ, ಆಮೇಲೆ ಸೀಲ್. ಶಾಫ್ಟಿನಲ್ಲಿ ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ. ಹೊಸ ಗೇರ್ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಿಸಿ, ಮೇಲಿನಿಂದ ಉಕ್ಕುವವರೆಗೆ.

ನಿಮ್ಮ ಇಂಜಿನ್ನಿಗೆ ಬಂದರೆ, ಬರೀ ಗ್ಯಾಸ್ಕೆಟ್ ಆಗಿದ್ದರೆ ಖಂಡಿತ ಮಾಡಿಸಿ. ಉಪ್ಪಿಗೆ ಕಚ್ಚಿಕೊಂಡ ಬೋಲ್ಟುಗಳು ಮುರಿಯಬಹುದು, ಆ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ. ಬಿಚ್ಚಿದ ಹೆಡ್ಡನ್ನೂ ಬ್ಲಾಕನ್ನೂ ನಿಮ್ಮ ಕಣ್ಣಾರೆ ನೋಡಿ. ಉಪ್ಪು ಅಲ್ಯೂಮಿನಿಯಂ ತಿಂದು ನೀರಿನ ದಾರಿ ಒಳಗಿನವರೆಗೂ ಕೊರೆದಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ. ಎಪಾಕ್ಸಿ ಮೆತ್ತಿ ಓಡಿಸುವವರಿದ್ದಾರೆ, ಆದರೆ ಜನರನ್ನು ಕೂರಿಸಿಕೊಂಡು ಅಳಿವೆಗೆ ಹೋಗುವ ದೋಣಿಗೆ ಅದು ಬೇಡ.